ಗಾಂಜಾ ಮಾರಲು ಬಿಟ್ಟ ಊರಲ್ಲಿ ಎಲ್ಲರೂ ಸೇದುತ್ತಾರಾ? ಕೆನಡಾದ ಏಳು ವರ್ಷದ ಲೆಕ್ಕ

ಆಗಸ್ಟ್ ಬಂತೆಂದರೆ ನನಗೆ ಊರಿನಿಂದ ಫೋನು ಜಾಸ್ತಿ. ನಾನಿರುವ ಕೆನಡಾದ ಒಂಟಾರಿಯೊ ಪ್ರಾಂತ್ಯದ ಕಾಲೇಜುಗಳಿಗೆ ಮಕ್ಕಳು ಹೊರಡುವ ಹೊತ್ತು ಅದು. ಜಾಕೆಟ್ ಎಂಥದ್ದು ಬೇಕು, ಕುಕ್ಕರ್ ಹಾಕಿ ಕಳಿಸಲಾ, ರೂಮಿನ ಬಾಡಿಗೆ ಎಷ್ಟು ಅಂತೆಲ್ಲ ಕೇಳಿ ಮುಗಿದ ಮೇಲೆ, ಕೊನೆಗೆ ದನಿ ತಗ್ಗಿಸಿ ಒಂದು ಪ್ರಶ್ನೆ ಬರುತ್ತದೆ. ಕಳೆದ ಸಲ ಕೇಳಿದ್ದು ಹಾಸನದಲ್ಲಿರುವ ನನ್ನ ದೊಡ್ಡಮ್ಮನ ಮಗಳು.

"ಅಲ್ಲಿ ಗಾಂಜಾನ ಅಂಗಡೀಲೇ ಮಾರ್ತಾರಂತೆ ಕಣೋ. ಎಲ್ರೂ ಸೇದ್ತಾರಂತೆ. ಹೌದಾ? ಇವನನ್ನ ಕಳಿಸ್ಬೇಕೋ ಬೇಡ್ವೋ ಅಂತ ನಿಮ್ ಭಾವ ಯೋಚ್ನೆ ಮಾಡ್ತಿದಾರೆ."

"ಅಂಗಡೀಲಿ ಮಾರೋದು ನಿಜ ಅಕ್ಕ. ಎಲ್ರೂ ಸೇದೋದು ಸುಳ್ಳು" ಎಂದೆ. ಫೋನ್ ಇಟ್ಟ ಮೇಲೆ ಸಮಾಧಾನವಾಗಲಿಲ್ಲ. ಮಗನನ್ನು ಅಷ್ಟು ದೂರ ಕಳಿಸುವ ತಾಯಿಗೆ ಒಂದೇ ಸಾಲಿನ ಉತ್ತರ ಸಾಲದು. ಕೂತು ಲೆಕ್ಕ ತೆಗೆದೆ. ಅವಳಿಗೆ ಹೇಳಬೇಕಾಗಿದ್ದ ಪೂರ್ತಿ ಉತ್ತರ ಇದು.

ಕೆನಡಾದಲ್ಲಿ ಗಾಂಜಾ ಮಾರಲು, ಬಳಸಲು ಬಿಡುವ ಕಾನೂನು ಜಾರಿಗೆ ಬಂದದ್ದು 2018ರ ಅಕ್ಟೋಬರ್ 17ರಂದು. ಇಡೀ ದೇಶಕ್ಕೆ ಹೀಗೆ ಬಿಟ್ಟವರಲ್ಲಿ ಉರುಗ್ವೆ ಮೊದಲು, ಕೆನಡಾ ಎರಡನೆಯದು. ದೊಡ್ಡವರು ಹೊರಗೆ 30 ಗ್ರಾಂವರೆಗೆ ಇಟ್ಟುಕೊಳ್ಳಬಹುದು. ಹೆಚ್ಚಿನ ಪ್ರಾಂತ್ಯಗಳಲ್ಲಿ ಮನೆಗೆ ನಾಲ್ಕು ಗಿಡ ಬೆಳೆಸಬಹುದು. ವಯಸ್ಸಿನ ಮಿತಿ ಹೆಚ್ಚಿನ ಕಡೆ 19. ಆಲ್ಬರ್ಟಾದಲ್ಲಿ 18, ಕ್ವಿಬೆಕ್‌ನಲ್ಲಿ 2020ರಿಂದ 21. ಇದನ್ನು ತಂದವರು ಹೇಳಿದ ಕಾರಣಗಳಲ್ಲಿ ಮೊದಲನೆಯದೇ ಮಕ್ಕಳು. 2013ರ ಯುನಿಸೆಫ್ ವರದಿಯಲ್ಲಿ ಶ್ರೀಮಂತ ದೇಶಗಳ ಪೈಕಿ ಗಾಂಜಾ ಸೇದುವ ಹದಿಹರೆಯದವರು ಹೆಚ್ಚಿದ್ದದ್ದು ಕೆನಡಾದಲ್ಲೇ. ನಿಷೇಧ ಜಾರಿಯಲ್ಲಿದ್ದಾಗಲೇ ಆ ಸ್ಥಿತಿ. ಕದ್ದು ಮಾರುವವನು ಯಾರ ವಯಸ್ಸನ್ನೂ ಕೇಳುವುದಿಲ್ಲ, ಲೈಸೆನ್ಸ್ ಇರುವ ಅಂಗಡಿಯವನು ಕೇಳಲೇಬೇಕು ಎಂಬುದು ಸರ್ಕಾರದ ವಾದವಾಗಿತ್ತು.

ಹಾಗಾದರೆ ಏನಾಯಿತು? ಅಲ್ಲಿನ ಆರೋಗ್ಯ ಇಲಾಖೆ ಪ್ರತಿ ವರ್ಷ 16 ದಾಟಿದವರನ್ನು ಕೇಳುವ ಒಂದು ಸರ್ವೆ ಇದೆ. ಕಳೆದ 12 ತಿಂಗಳಲ್ಲಿ ಒಮ್ಮೆಯಾದರೂ ಬಳಸಿದ್ದೀರಾ ಎಂದರೆ, 2018ರಲ್ಲಿ ನೂರಕ್ಕೆ 22 ಮಂದಿ ಹೌದು ಎಂದರು. 2019ರಲ್ಲಿ 25, 2020ರಲ್ಲಿ 27. ಆಮೇಲೆ 25ರಿಂದ 27ರ ನಡುವೆಯೇ ನಿಂತಿತು. 2024ರಲ್ಲಿ 26. ಅಂದರೆ ಮೊದಲ ಎರಡು ವರ್ಷ ಏರಿತು, ಮತ್ತೆ ಅಲ್ಲೇ ಕೂತಿತು. ನಾಲ್ವರಲ್ಲಿ ಮೂವರು ಇಡೀ ವರ್ಷದಲ್ಲಿ ಅದನ್ನು ಮುಟ್ಟಿಲ್ಲ. ಅಕ್ಕನ "ಎಲ್ರೂ" ಇಲ್ಲಿಗೇ ಬಿದ್ದುಹೋಯಿತು.

ಆದರೆ ಹಿಂದಿನ ಅಂಕಿ ನೋಡದೆ ಈ ಏರಿಕೆ ಅರ್ಥವಾಗುವುದಿಲ್ಲ. ಕೆನಡಾದ ಅಂಕಿಅಂಶ ಇಲಾಖೆ ಲೆಕ್ಕದಲ್ಲಿ, ವರ್ಷಕ್ಕೊಮ್ಮೆಯಾದರೂ ಬಳಸಿದವರು 1985ರಲ್ಲಿ ನೂರಕ್ಕೆ 5.6. ಕಾನೂನು ಬರುವ ಮುಂಚಿನ ವರ್ಷ, 2017ರಲ್ಲಿ, 14.8. ಮೂವತ್ತೆರಡು ವರ್ಷ ನಿಷೇಧ ಇದ್ದೂ ಎರಡೂವರೆ ಪಟ್ಟು ಏರಿತ್ತು. ಈ 14.8ನ್ನೂ ಮೇಲಿನ 22ನ್ನೂ ಪಕ್ಕಪಕ್ಕ ಇಟ್ಟು "ಒಂದೇ ವರ್ಷದಲ್ಲಿ ಇಷ್ಟು ಏರಿತು" ಎನ್ನುವ ಹಾಗಿಲ್ಲ. ಅವು ಬೇರೆ ಬೇರೆ ಸರ್ವೆ, ಕೇಳಿದ ಜನ ಬೇರೆ, ಕೇಳಿದ ರೀತಿ ಬೇರೆ. ವಾಟ್ಸಾಪಿನಲ್ಲಿ ಓಡಾಡುವ ಎಷ್ಟೋ ಲೆಕ್ಕಗಳು ಕೆಡುವುದು ಇಂಥ ಕಡೆಯೇ. ಒಂದೇ ಸರ್ವೆಯೊಳಗಿನ ಏರಿಳಿತವನ್ನು ಮಾತ್ರ ನಂಬಬೇಕು. ಹಾಗೆ ನೋಡಿದರೆ, ಇಲ್ಲಿ ಜನ ಮುಂದೆ ಹೋದರು, ಕಾನೂನು ಹಿಂದಿನಿಂದ ಬಂತು ಅನಿಸುತ್ತದೆ.

ಇನ್ನೊಂದು ಅನುಮಾನವೂ ನ್ಯಾಯವಾದದ್ದೇ. ಜೈಲಿಗೆ ಹಾಕುತ್ತಾರೆ ಎಂದಿದ್ದಾಗ ಸೇದುವವನು ಸರ್ಕಾರದ ಪ್ರಶ್ನೆಗೆ ಇಲ್ಲ ಎನ್ನುತ್ತಾನೆ. ಅಂಗಡಿ ತೆರೆದ ಮೇಲೆ ಹೌದು ಎನ್ನುತ್ತಾನೆ. ಹಾಗಾಗಿ ಏರಿದ್ದರಲ್ಲಿ ಹೊಸದಾಗಿ ಶುರುಮಾಡಿದವರು ಎಷ್ಟು, ಈಗ ಧೈರ್ಯವಾಗಿ ಒಪ್ಪಿಕೊಂಡವರು ಎಷ್ಟು ಎಂದು ಬಿಡಿಸುವುದು ಕಷ್ಟ. ಅದಕ್ಕೇ ಅಂಕಿಅಂಶ ಇಲಾಖೆಯವರು ಟೊರೊಂಟೊ, ಮಾಂಟ್ರಿಯಲ್, ವ್ಯಾಂಕೂವರ್ ಸೇರಿ ಐದು ನಗರಗಳ ಚರಂಡಿ ನೀರನ್ನು ಪರೀಕ್ಷೆ ಮಾಡಿದರು. ಗಾಂಜಾದ ಅಂಶ ಮೈಯಿಂದ ಮೂತ್ರದಲ್ಲಿ ಹೊರಬರುತ್ತದೆ. ಬಾಯಿ ಸುಳ್ಳು ಹೇಳಬಹುದು, ಚರಂಡಿ ಹೇಳುವುದಿಲ್ಲ. ಆದರೆ ಅದು ಒಟ್ಟು ಪ್ರಮಾಣವನ್ನು ಮಾತ್ರ ಹೇಳುತ್ತದೆ. ಹತ್ತು ಜನ ಸ್ವಲ್ಪ ಸ್ವಲ್ಪ ಸೇದಿದರೋ, ಒಬ್ಬನೇ ದಿನವಿಡೀ ಸೇದಿದನೋ ಅದಕ್ಕೆ ಗೊತ್ತಾಗದು.

ಈಗ ತಾಯಂದಿರ ಪ್ರಶ್ನೆಗೆ ಬರೋಣ. 16ರಿಂದ 19 ವಯಸ್ಸಿನವರು. 2018ರಲ್ಲಿ ಇವರಲ್ಲಿ ನೂರಕ್ಕೆ 36. ಕಾನೂನು ಬಂದ ಮರುವರ್ಷ 44ಕ್ಕೆ ಜಿಗಿಯಿತು. 2021ಕ್ಕೆ ಮತ್ತೆ 37ಕ್ಕೆ ಇಳಿಯಿತು. 2023ರಲ್ಲಿ 43, 2024ರಲ್ಲಿ 41. ಈ ಸಾಲಿನಲ್ಲಿ 44 ಒಂದನ್ನೇ ಹೆಕ್ಕಿ "ಹುಡುಗರು ಹಾಳಾದರು" ಎಂದು ಬರೆಯಬಹುದು. 37 ಹೆಕ್ಕಿ "ಏನೂ ಆಗಲಿಲ್ಲ" ಎಂದೂ ಬರೆಯಬಹುದು. ಎರಡನ್ನೂ ಬರೆದಿದ್ದಾರೆ. ನನಗೆ ಕಾಣುವುದು ಇಷ್ಟು: ಮಕ್ಕಳ ಕೈಗೆ ಸಿಗದಂತೆ ಮಾಡುತ್ತೇವೆ ಎಂದ ಮಾತು ಉಳಿಯಲಿಲ್ಲ. ಹುಡುಗರೆಲ್ಲ ಮುಗಿಬೀಳುತ್ತಾರೆ ಎಂದ ಭಯವೂ ನಿಜವಾಗಲಿಲ್ಲ.

ಅಮೆರಿಕದ ಅಂಕಿ ಇನ್ನೂ ಯೋಚನೆಗೆ ಹಚ್ಚುತ್ತದೆ. ಅಲ್ಲಿ 12ನೇ ತರಗತಿಯ ಮಕ್ಕಳನ್ನು ಪ್ರತಿ ವರ್ಷ ಕೇಳುತ್ತಾರೆ, ಗಾಂಜಾ ನಿಯಮಿತವಾಗಿ ಸೇದಿದರೆ ದೊಡ್ಡ ಅಪಾಯವಾ ಎಂದು. 2005ರಲ್ಲಿ ನೂರಕ್ಕೆ 58 ಮಕ್ಕಳು ಹೌದು ಎಂದಿದ್ದರು. 2019ಕ್ಕೆ ಅದು 30ಕ್ಕೆ ಬಿತ್ತು. ಭಯ ಅರ್ಧ ಹೋಯಿತು. ಆದರೆ ಅದೇ ಅವಧಿಯಲ್ಲಿ ವರ್ಷಕ್ಕೊಮ್ಮೆಯಾದರೂ ಸೇದಿದವರು 34ರಿಂದ 36 ಅಷ್ಟೇ. ಕೋವಿಡ್ ನಂತರ ಇನ್ನೂ ಇಳಿದು 2024ಕ್ಕೆ 26ರ ಹತ್ತಿರ ಬಂತು. ಎಲ್ಲರಿಗಿಂತ ಮುಂಚೆ ಅಂಗಡಿ ತೆರೆದ ಕೊಲರಾಡೊದಲ್ಲೂ ಹೈಸ್ಕೂಲು ಮಕ್ಕಳ ಬಳಕೆ ಹೀಗೇ ಇಳಿದಿದೆ. ಮಕ್ಕಳು ಮನೆಯೊಳಗೇ, ಫೋನಿನೊಳಗೇ ಕೂತಿದ್ದು, ಗೆಳೆಯರ ಜೊತೆ ತಿರುಗಾಟ ಕಡಿಮೆಯಾಗಿದ್ದು ಇದಕ್ಕೆ ಕಾರಣ ಇರಬಹುದು. ಕಾನೂನಿನಿಂದಲೇ ಇಳಿಯಿತು ಎಂದು ಯಾರೂ ಬೆನ್ನು ತಟ್ಟಿಕೊಳ್ಳುವ ಹಾಗಿಲ್ಲ. ಆದರೆ "ತಪ್ಪಲ್ಲ ಬಿಡು" ಎಂದು ಹೇಳುವುದೂ ಹೋಗಿ ಸೇದುವುದೂ ಬೇರೆ ಬೇರೆ ಎಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ನನಗೆ ನಿಜವಾಗಿ ಚಿಂತೆ ಹಚ್ಚಿದ ಅಂಕಿ ಎಷ್ಟು ಜನ ಎಂಬುದರಲ್ಲಿಲ್ಲ. ಎಷ್ಟು ಸಲ ಎಂಬುದರಲ್ಲಿದೆ.

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜೊನಾಥನ್ ಕಾಲ್ಕಿನ್ಸ್ 2024ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. 1992ರಲ್ಲಿ ದಿನಾ ಅಥವಾ ಹೆಚ್ಚುಕಮ್ಮಿ ದಿನಾ ಗಾಂಜಾ ಬಳಸುವವರು ಅಲ್ಲಿ 10 ಲಕ್ಷಕ್ಕಿಂತ ಕಡಿಮೆ. 2022ರಲ್ಲಿ 1 ಕೋಟಿ 77 ಲಕ್ಷ. ಅದೇ ವರ್ಷ ಹಾಗೆ ದಿನಾ ಕುಡಿಯುವವರು 1 ಕೋಟಿ 47 ಲಕ್ಷ. ಒಟ್ಟಾರೆ ನೋಡಿದರೆ ಮದ್ಯ ಕುಡಿಯುವವರೇ ಈಗಲೂ ಎಷ್ಟೋ ಜಾಸ್ತಿ. ಆದರೆ ದಿನದ ಅಭ್ಯಾಸದಲ್ಲಿ ಗಾಂಜಾ ಮದ್ಯವನ್ನು ದಾಟಿತು. ಈ ಏರಿಕೆ ಕಾನೂನಿಗಿಂತ ಮುಂಚೆಯೇ ಶುರುವಾಗಿತ್ತು, ಕಾನೂನಿನ ಕಾಲದಲ್ಲೂ ನಿಲ್ಲಲಿಲ್ಲ. ಕೆನಡಾದಲ್ಲೂ ಬಳಸುವವರಲ್ಲಿ ಸುಮಾರು ಕಾಲು ಭಾಗ ದಿನಾ ಅಥವಾ ಹೆಚ್ಚುಕಮ್ಮಿ ದಿನಾ ಬಳಸುವವರು. ಆ ಪಾಲು ಅಷ್ಟೇನೂ ಬದಲಾಗಿಲ್ಲ ಎಂದು ವರದಿಗಳು ಸಮಾಧಾನ ಹೇಳುತ್ತವೆ. ನನಗೆ ಸಮಾಧಾನ ಇಲ್ಲ. ಅಂಗಡಿ ನಡೆಯುವುದು ಹಬ್ಬಕ್ಕೊಮ್ಮೆ ಬರುವ ಗಿರಾಕಿಯಿಂದ ಅಲ್ಲ. ನಮ್ಮೂರಿನ ಬಾರ್ ಯಾರ ದುಡ್ಡಿನಿಂದ ನಡೆಯುತ್ತದೆ ಎಂದು ನಮಗೆ ಗೊತ್ತಲ್ವಾ? ಇದೂ ಹಾಗೆಯೇ.

ಮಾಲೂ ಮೊದಲಿನದಲ್ಲ. ಮತ್ತು ಬರಿಸುವ ಅಂಶಕ್ಕೆ ಟಿಎಚ್‌ಸಿ ಎನ್ನುತ್ತಾರೆ. 1995ರಲ್ಲಿ ಅಮೆರಿಕದ ಪೊಲೀಸರು ಹಿಡಿದ ಗಾಂಜಾದಲ್ಲಿ ಅದು ನೂರಕ್ಕೆ 4ರಷ್ಟಿತ್ತು. ಈಗ ಕೆನಡಾದ ಅಂಗಡಿಗಳಲ್ಲಿ 20 ದಾಟಿದ ಮಾಲು ಮಾಮೂಲು. ಗಿರಾಕಿ ಕೇಳುವುದೇ "ಟಿಎಚ್‌ಸಿ ಎಷ್ಟಿದೆ" ಅಂತ. ಎಣ್ಣೆ ಅಂಗಡಿಯಲ್ಲಿ ಬಿಯರ್ ಕಪಾಟನ್ನು ದಾಟಿ ನೇರ ರಮ್ಮಿನ ಹತ್ತಿರ ಹೋದ ಹಾಗೆ. ಸೇದುವ ರೀತಿಯೂ ಬದಲಾಗಿದೆ. ಹೊಗೆ ಎಳೆಯುವವರ ಪಾಲು ಇಳಿದಿದೆ. ವೇಪ್ ಎಳೆಯುವವರು, ತಿನ್ನುವವರು ಹೆಚ್ಚಾಗಿದ್ದಾರೆ.

ತಿನ್ನುವ ಮಾಲಿನ ಕತೆ ಹೇಳಲೇಬೇಕು. ನಮ್ಮ ಅಪಾರ್ಟ್‌ಮೆಂಟಿನ ಗೆಳೆಯನೊಬ್ಬ ಅಂಥ ಒಂದು ಪೊಟ್ಟಣ ತೋರಿಸಿದ್ದ. ಅಂಗೈಯಗಲದ ಚೀಲ. ಮೂಲೆಯಲ್ಲಿ ಎಂಟು ಮೂಲೆಯ ಕೆಂಪು ಗುರುತು, ಅದರೊಳಗೆ ಬಿಳಿ ಗಾಂಜಾ ಎಲೆ, ಟಿಎಚ್‌ಸಿ ಎಂಬ ಅಕ್ಷರ. ಹಳದಿ ಚೌಕದಲ್ಲಿ ಎಚ್ಚರಿಕೆಯ ಸಾಲು. ಮೇಲೆ ತೆರಿಗೆಯ ಚೀಟಿ. ಬಾಯಿ ಬಿಚ್ಚಲು ನನಗೇ ಎರಡು ನಿಮಿಷ ಬೇಕಾಯಿತು, ಮಕ್ಕಳಿಗೆ ಬಿಚ್ಚಲಾಗಬಾರದು ಅಂತಲೇ ಹಾಗೆ ಮಾಡಿರುತ್ತಾರೆ. ಒಳಗೆ ಎರಡು ಜೆಲ್ಲಿ ಮಿಠಾಯಿ. ಕೆಂಪಗೆ, ಮೇಲೆ ಸಕ್ಕರೆ. ಚೀಲದಿಂದ ತೆಗೆದು ಮೇಜಿನ ಮೇಲಿಟ್ಟ ಮೇಲೆ ಅದಕ್ಕೂ ಅಂಗಡಿಯ ಮಕ್ಕಳ ಮಿಠಾಯಿಗೂ ಯಾವ ವ್ಯತ್ಯಾಸವೂ ಕಾಣಲಿಲ್ಲ. ಎಲ್ಲ ಎಚ್ಚರಿಕೆಯೂ ಚೀಲದ ಮೇಲಿತ್ತು, ಮಿಠಾಯಿಯ ಮೇಲೆ ಏನೂ ಇರಲಿಲ್ಲ.

ಕೆನಡಾದಲ್ಲಿ ಇಂಥ ತಿನಿಸು ಕಾನೂನಿನೊಳಗೆ ಬಂದದ್ದು ಒಂದು ವರ್ಷ ತಡವಾಗಿ, 2019ರ ಅಕ್ಟೋಬರ್‌ನಲ್ಲಿ. ಒಂದು ಪೊಟ್ಟಣದಲ್ಲಿ 10 ಮಿಲಿಗ್ರಾಂ ಟಿಎಚ್‌ಸಿಗಿಂತ ಹೆಚ್ಚು ಇರಬಾರದು ಎಂಬ ಬಿಗಿ ನಿಯಮವೂ ಇದೆ. ಕೊಲರಾಡೊದಲ್ಲಿ ಪೊಟ್ಟಣಕ್ಕೆ 100ರವರೆಗೆ ಬಿಡುತ್ತಾರೆ. ಇಷ್ಟು ಬಿಗಿ ಇದ್ದೂ ಒಂಟಾರಿಯೊದ ಆಸ್ಪತ್ರೆಗಳಲ್ಲಿ, ಗಾಂಜಾ ಹೊಟ್ಟೆಗೆ ಹೋಗಿ ತುರ್ತು ಚಿಕಿತ್ಸೆಗೆ ಬಂದ ಹತ್ತು ವರ್ಷದೊಳಗಿನ ಮಕ್ಕಳ ತಿಂಗಳ ಸಂಖ್ಯೆ ಹಿಂದಿನದಕ್ಕಿಂತ ಸುಮಾರು ಒಂಬತ್ತು ಪಟ್ಟಾಯಿತು. ಒಟ್ಟು ಸಂಖ್ಯೆ ದೊಡ್ಡದಲ್ಲ. ಆದರೆ ಮೂರು ವರ್ಷದ ಮಗು ಏಳದೆ ಮಲಗಿದ್ದರೆ ಆ ಮನೆಯವರಿಗೆ ಒಟ್ಟು ಸಂಖ್ಯೆ ಯಾಕೆ ಬೇಕು? ದೊಡ್ಡವರಿಗೂ ಇದರಲ್ಲಿ ಒಂದು ಮೋಸ ಇದೆ. ಸೇದಿದರೆ ನಿಮಿಷಗಳಲ್ಲಿ ತಲೆಗೇರುತ್ತದೆ, ತಿಂದರೆ ಅರ್ಧ ಗಂಟೆಯಿಂದ ಎರಡು ಗಂಟೆ. ಏನೂ ಆಗಲಿಲ್ಲವಲ್ಲ ಎಂದು ಇನ್ನೊಂದು ತಿನ್ನುತ್ತಾರೆ. ಆಮೇಲೆ ಎರಡೂ ಒಟ್ಟಿಗೆ ಏರುತ್ತವೆ.

ಇಲ್ಲೇ ಕ್ವಿಬೆಕ್ ಪ್ರಾಂತ್ಯದಿಂದ ಕಲಿಯುವುದಿದೆ. ಅಲ್ಲೂ ಅದೇ ದೇಶದ ಕಾನೂನು. ಆದರೆ ಅಂಗಡಿಗಳೆಲ್ಲ ಸರ್ಕಾರದವು, ಖಾಸಗಿಯವರಿಗೆ ಜಾಗವಿಲ್ಲ. ಗಾಂಜಾ ಮಿಠಾಯಿ, ಚಾಕೊಲೇಟ್ ಮಾರುವ ಹಾಗಿಲ್ಲ. ಸಂಶೋಧಕರು ನಾಲ್ಕು ಪ್ರಾಂತ್ಯಗಳ ಆಸ್ಪತ್ರೆ ಲೆಕ್ಕವನ್ನು ಹೋಲಿಸಿ ನೋಡಿದರು. ಸೊಪ್ಪು ಮಾರಾಟ ಶುರುವಾದಾಗ ಆಸ್ಪತ್ರೆ ಸೇರುವ ಮಕ್ಕಳು ಎಲ್ಲ ಕಡೆ ಹೆಚ್ಚಾದರು. ತಿನಿಸು ಬಂದ ಮೇಲೆ ಒಂಟಾರಿಯೊ, ಆಲ್ಬರ್ಟಾ, ಬ್ರಿಟಿಷ್ ಕೊಲಂಬಿಯಾದಲ್ಲಿ ಇನ್ನೊಮ್ಮೆ ಎರಡು ಪಟ್ಟಾದರು. ಕ್ವಿಬೆಕ್‌ನಲ್ಲಿ ಆ ಎರಡನೇ ಏರಿಕೆ ಆಗಲಿಲ್ಲ. ಗಾಂಜಾ ಮಾರಲು ಬಿಡಬೇಕೋ ಬೇಡವೋ ಎಂದು ಎಲ್ಲರೂ ಜಗಳ ಆಡುತ್ತಾರೆ. ಬಿಟ್ಟ ಮೇಲೆ ಯಾರು ಮಾರುತ್ತಾರೆ, ಯಾವ ರೂಪದಲ್ಲಿ ಮಾರುತ್ತಾರೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ ಎಂದು ನನಗೆ ಅನಿಸಿದ್ದು ಈ ಲೆಕ್ಕ ಓದಿದ ದಿನ.

ಮನಸ್ಸಿನ ಕಾಯಿಲೆಯ ವಿಷಯ ಬಿಟ್ಟರೆ ಅನ್ಯಾಯವಾಗುತ್ತದೆ. ಒಂಟಾರಿಯೊದಲ್ಲಿ ಹೊಸದಾಗಿ ಸ್ಕಿಜೊಫ್ರೇನಿಯಾ (ಭ್ರಮೆ ಕಾಡುವ ತೀವ್ರ ಮನೋರೋಗ) ಪತ್ತೆಯಾದವರ ಪೈಕಿ, ಗಾಂಜಾ ಚಟಕ್ಕೆ ತಳಕು ಹಾಕಬಹುದಾದವರ ಪಾಲು ಕಾನೂನಿಗೆ ಮುಂಚೆ ನೂರಕ್ಕೆ 3.7. ಕಾನೂನಿನ ನಂತರ 10.3. 2025ರಲ್ಲಿ ಬಂದ ಈ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ: ಸ್ಕಿಜೊಫ್ರೇನಿಯಾದ ಒಟ್ಟು ಹೊಸ ಪ್ರಕರಣಗಳ ಪ್ರಮಾಣ ಹೆಚ್ಚೇನೂ ಏರಲಿಲ್ಲ. ಗಾಂಜಾ ಕಾಯಿಲೆ ತಂದಿತೋ, ಕಾಯಿಲೆಯವರೇ ಗಾಂಜಾದ ಕಡೆ ಹೋದರೋ ಎಂಬ ಪ್ರಶ್ನೆ ಹಾಗಾಗಿ ಇನ್ನೂ ಜೀವಂತ. ಆದರೆ ಮನೆಯಲ್ಲಿ ಇಂಥ ಕಾಯಿಲೆ ಇದ್ದವರ ಹುಡುಗ ಇದರಿಂದ ದೂರ ಇರಬೇಕು ಎಂಬುದರಲ್ಲಿ ವೈದ್ಯರಿಗೆ ಅನುಮಾನವಿಲ್ಲ.

ಜನರ ಮನಸ್ಸು ಬದಲಾದದ್ದು ಎಷ್ಟು? ಅಮೆರಿಕದಲ್ಲಿ ಜನಾಭಿಪ್ರಾಯ ಕೇಳುವ ಗ್ಯಾಲಪ್ ಸಂಸ್ಥೆ 1969ರಲ್ಲಿ ಕೇಳಿದಾಗ ಗಾಂಜಾಕ್ಕೆ ಅನುಮತಿ ಕೊಡಬೇಕು ಎಂದವರು ನೂರಕ್ಕೆ 12. 2013ರಲ್ಲಿ 58. 2023ರಲ್ಲಿ 70. ಅಲ್ಲಿಂದ ಮುಂದೆ ಗಾಳಿ ಸ್ವಲ್ಪ ತಿರುಗಿದೆ, 2025ರಲ್ಲಿ 64. ಫ್ಲಾರಿಡಾದಲ್ಲಿ 2024ರ ಮತದಾನದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೌದು ಎಂದರೂ, ಬೇಕಿದ್ದ 60ರ ಗೆರೆ ಮುಟ್ಟಲಿಲ್ಲ.

ಈ ದೊಡ್ಡ ಅಂಕಿಗಳಿಗಿಂತ ನಮ್ಮ ಬೀದಿಯೇ ನನಗೆ ಹೆಚ್ಚು ಹೇಳಿತು. ನಾನಿರುವ ಮಿಸಿಸಾಗಾದಲ್ಲಿ ಕನ್ನಡದವರು, ತಮಿಳರು, ಪಂಜಾಬಿಗಳು, ಅರಬರು ಎಲ್ಲ ಇದ್ದೇವೆ. ಖಾಸಗಿ ಅಂಗಡಿ ಬೇಕಾ ಬೇಡವಾ ಎಂದು ಒಂಟಾರಿಯೊ ಸರ್ಕಾರ ಊರುಗಳನ್ನು ಕೇಳಿದಾಗ, 2019ರ ಜನವರಿಯೊಳಗೆ ಬೇಡ ಎಂದ 77 ಊರುಗಳಲ್ಲಿ ನಮ್ಮದೂ ಒಂದು. ದೇಶಕ್ಕೆ ಕಾನೂನು ಇರಲಿ, ನಮ್ಮ ಬೀದಿಗೆ ಅಂಗಡಿ ಬೇಡ. ಜನರ ಒಪ್ಪಿಗೆ ಎಂಬುದು ಎಲ್ಲ ಕಡೆಯೂ ಇಂಥದ್ದೇ. ಕ್ಯಾಲಿಫೋರ್ನಿಯಾದಲ್ಲಿ 2016ರಲ್ಲಿ ನೂರಕ್ಕೆ 57 ಮಂದಿ ಹೌದು ಎಂದು ಮತ ಹಾಕಿದರು, ಆಮೇಲೆ ಎಷ್ಟೋ ಊರುಗಳು ಅಂಗಡಿಗೆ ಬಾಗಿಲು ಹಾಕಿದವು. ಆದರೆ ಮಿಸಿಸಾಗಾದ ಪಕ್ಕದ ಊರುಗಳಲ್ಲಿ ಅಂಗಡಿ ಇದ್ದವು, ನಮ್ಮೂರಲ್ಲಿ ಕದ್ದು ಮಾರುವವರೂ ಇದ್ದರು. 2023ರ ಏಪ್ರಿಲ್‌ನಲ್ಲಿ ನಗರಸಭೆ ಒಪ್ಪಿತು. ಈಗ ನಾನು ಇಡ್ಲಿ ಅಕ್ಕಿ ತರುವ ಸಾಲಿನಲ್ಲೇ ಒಂದು ಅಂಗಡಿ ಇದೆ. ಮೊದಲ ತಿಂಗಳು ಎಲ್ಲರೂ ತಿರುಗಿ ನೋಡುತ್ತಿದ್ದೆವು. ಈಗ ಯಾರೂ ನೋಡುವುದಿಲ್ಲ. ಜನರ ಧೋರಣೆ ಬದಲಾಗುವುದು ಹೀಗೆ. ಯಾರೂ ವಾದದಲ್ಲಿ ಸೋಲಲಿಲ್ಲ, ಸುಮ್ನೆ ಕಣ್ಣಿಗೆ ಅಭ್ಯಾಸವಾಯಿತು.

ಕಣ್ಣಿಗೆ ಅಭ್ಯಾಸವಾದವರಲ್ಲಿ ಅಜ್ಜ ಅಜ್ಜಿಯರೂ ಇದ್ದಾರೆ. 65 ದಾಟಿದ ಬಳಕೆದಾರರು ಕೆನಡಾದಲ್ಲಿ 2012ರಲ್ಲಿ ಸುಮಾರು 40,000 ಇದ್ದರು, 2019ಕ್ಕೆ 4 ಲಕ್ಷ ದಾಟಿದರು. ಹಲವರು ಹೇಳುವ ಕಾರಣ ನಿದ್ದೆ, ನೋವು.

ಎಲ್ಲ ದೇಶಗಳೂ ಒಂದೇ ದಿಕ್ಕಿಗೆ ಹೋಗುತ್ತಿವೆ ಎಂದುಕೊಳ್ಳಬೇಕಿಲ್ಲ. ಥಾಯ್ಲೆಂಡ್ 2022ರ ಜೂನ್‌ನಲ್ಲಿ ಗಾಂಜಾವನ್ನು ಮಾದಕವಸ್ತುಗಳ ಪಟ್ಟಿಯಿಂದ ತೆಗೆಯಿತು. ಮಾರುವ ನಿಯಮ ಬರೆಯುವ ಮುಂಚೆಯೇ ಸಾವಿರಾರು ಅಂಗಡಿ ಎದ್ದವು. 2025ರ ಜೂನ್‌ನಲ್ಲಿ, ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ಹಿಂದೆ ಸರಿಯಿತು. ಆ ಗಾಳಿ ನಮ್ಮ ಬೆಂಗಳೂರಿಗೂ ತಾಕಿದೆ. ಬ್ಯಾಂಕಾಕ್ ವಿಮಾನದಲ್ಲಿ ಬಂದವರ ಸೂಟ್‌ಕೇಸಿನಲ್ಲಿ ಹೈಡ್ರೊ ಗಾಂಜಾ (ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸಿದ್ದು) ಸಿಕ್ಕಿತು ಎಂಬ ಸುದ್ದಿ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಎಷ್ಟು ಸಲ ಬಂದಿಲ್ಲ!

ಅಕ್ಕನಂಥವರಿಗೆ ಗಾಂಜಾ ಹೊರಗಿನ ಊರಿನ ಪಿಡುಗು. ಆದರೆ ನಮ್ಮ ಹಳ್ಳಿಗಳಿಗೆ ಭಂಗಿ ಸೊಪ್ಪು ಹೊಸದಲ್ಲ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಅದು ಪ್ರಸಾದವಾಗಿಯೇ ಸಿಗುತ್ತಿತ್ತು ಎಂದು ಪತ್ರಿಕೆಗಳು ಬರೆದಿವೆ. ಬ್ರಿಟಿಷ್ ಸರ್ಕಾರ 1893ರಲ್ಲಿ ಇದನ್ನೇ ವಿಚಾರಿಸಲು ಒಂದು ಆಯೋಗ ನೇಮಿಸಿತು. ಸುಮಾರು 1,200 ಸಾಕ್ಷಿಗಳನ್ನು ಕೇಳಿ ಏಳು ಸಂಪುಟದ ವರದಿ ಕೊಟ್ಟರು. ಹುಚ್ಚಾಸ್ಪತ್ರೆಗಳು ಗಾಂಜಾ ಸೇದುವವರಿಂದ ತುಂಬಿವೆ ಎಂಬ ದೂರು ಆಗಲೂ ಇತ್ತು. ಆಯೋಗದವರು ಆ ದಾಖಲೆಗಳನ್ನೇ ತರಿಸಿ ಒಂದೊಂದಾಗಿ ನೋಡಿದರು. ಕಾರಣ ಗೊತ್ತಿಲ್ಲದ ಕಡೆಯೆಲ್ಲ ಗಾಂಜಾ ಎಂದು ಬರೆದುಬಿಟ್ಟಿದ್ದು ಬಯಲಾಯಿತು. ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಕೆಡುಕಿಲ್ಲ, ಅತಿಯಾದರೆ ಕೆಡುಕು, ಪೂರ್ತಿ ನಿಷೇಧ ಬೇಡ ಎಂದರು. ಅವರು ನೋಡಿದ್ದು ಆ ಕಾಲದ ಸೊಪ್ಪು. ಇವತ್ತಿನ ಅಂಗಡಿ ಮಾಲಿಗೆ ಆ ಮಾತನ್ನು ಹಾಗೇ ಹೊದಿಸಬಾರದು.

ಭಾರತದಲ್ಲಿ ಈಗಿರುವುದು ಮಾದಕವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯಿದೆ. ಅದರಲ್ಲಿ ಚರಸ್ ಮತ್ತು ಹೂವಿನ ತುದಿಯ ಗಾಂಜಾ ಅಪರಾಧ. ಬರೀ ಎಲೆ, ಬೀಜ ಆ ವ್ಯಾಖ್ಯೆಯ ಹೊರಗೆ. ಅದಕ್ಕೇ ಉತ್ತರದ ಕೆಲವು ರಾಜ್ಯಗಳಲ್ಲಿ ಸರ್ಕಾರದ ಲೈಸೆನ್ಸಿನ ಭಾಂಗ್ ಅಂಗಡಿ ಇವೆ. ದೆಹಲಿಯ ಏಮ್ಸ್ 2019ರಲ್ಲಿ ಕೊಟ್ಟ ಲೆಕ್ಕದಲ್ಲಿ, 10ರಿಂದ 75 ವಯಸ್ಸಿನ ಭಾರತೀಯರಲ್ಲಿ ವರ್ಷಕ್ಕೊಮ್ಮೆಯಾದರೂ ಇದನ್ನು ಬಳಸಿದವರು ನೂರಕ್ಕೆ 2.8, ಅಂದರೆ ಸುಮಾರು 3 ಕೋಟಿ 10 ಲಕ್ಷ. ಹೆಚ್ಚಿನವರು ಭಾಂಗಿನವರು. ಬಳಕೆಯಿಂದ ತೊಂದರೆಗೆ ಸಿಕ್ಕವರು 72 ಲಕ್ಷ. ಕೆನಡಾದ 26 ಎಲ್ಲಿ, ನಮ್ಮ 2.8 ಎಲ್ಲಿ. ಕೆನಡಾದಲ್ಲಿ ಕಾನೂನು ಬಂದಾಗ ಅರ್ಧ ದಾರಿ ಜನ ಆಗಲೇ ನಡೆದಿದ್ದರು. ಅಲ್ಲಿ ಬಿಟ್ಟ ಮೇಲೆ ಹೆಚ್ಚೇನೂ ಏರಲಿಲ್ಲ ಎಂದು ತೋರಿಸಿ, ಇಲ್ಲೂ ಏರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಹಾಗೆಯೇ, ಸೇದಿ ಸಿಕ್ಕಿಬಿದ್ದ ಹುಡುಗನನ್ನು ಆರು ತಿಂಗಳು ಜೈಲಿಗೆ ಕಳಿಸಬಲ್ಲ ಕಾನೂನಿನಿಂದ ಅವನ ಚಟ ಬಿಡುತ್ತದೆ ಎನ್ನುವುದನ್ನೂ ಒಪ್ಪುವುದಿಲ್ಲ. ಅವನು ಹೋಗಬೇಕಾದದ್ದು ನಿಮ್ಹಾನ್ಸ್‌ನಂಥ ಕಡೆಗೆ.

ಇಷ್ಟನ್ನೂ ಅಕ್ಕನಿಗೆ ಫೋನಿನಲ್ಲಿ ಹೇಳಲಾಗಲಿಲ್ಲ. ಅಳಿಯನಿಗೆ ಬೇಕಾದ ನಾಲ್ಕು ಮಾತು ಮಾತ್ರ ಹೇಳಿದೆ. 19 ಆಗುವವರೆಗೆ ಅವನು ಆ ಅಂಗಡಿಯೊಳಗೆ ಕಾಲಿಡುವ ಹಾಗಿಲ್ಲ. ಹೊಸ ಡ್ರೈವರುಗಳ ಮೈಯಲ್ಲಿ ಗಾಂಜಾ ಸಿಕ್ಕರೆ ಒಂಟಾರಿಯೊದಲ್ಲಿ ಲೈಸೆನ್ಸ್ ಅಮಾನತಾಗುತ್ತದೆ. ಮತ್ತಿನಲ್ಲಿ ಗಾಡಿ ಓಡಿಸುವುದಕ್ಕೆ 2018ರ ಡಿಸೆಂಬರ್‌ನಿಂದ ಹತ್ತು ವರ್ಷದವರೆಗೆ ಶಿಕ್ಷೆ ಇದೆ, ಪೌರತ್ವ ಇಲ್ಲದವರು ದೇಶದಲ್ಲಿ ಉಳಿಯುವುದಕ್ಕೇ ಅದು ಕುತ್ತು. ಕೆನಡಾದಿಂದ ಹೊರಡುವಾಗ ಒಂದು ಚೂರನ್ನೂ ಬ್ಯಾಗಿನಲ್ಲಿ ಇಟ್ಟುಕೊಳ್ಳಬಾರದು, ಅದು ಎರಡೂ ದೇಶದಲ್ಲಿ ಅಪರಾಧ. ಮತ್ತೆ, ರೂಮ್‌ಮೇಟ್ ಯಾರಾದರೂ ಮಿಠಾಯಿ ಕೊಟ್ಟರೆ ಪೊಟ್ಟಣ ನೋಡದೆ ಬಾಯಿಗೆ ಹಾಕಬಾರದು.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಆ ಕೆಂಪು ಗುರುತು ಹೆಂಗಿರುತ್ತೆ ಅಂತ ಒಂದು ಫೋಟೊ ಕಳ್ಸೋ. ಅವನಿಗೆ ತೋರಿಸ್ತೀನಿ" ಎಂದಳು. ಅಕ್ಕಿ ತರಲು ಹೋದಾಗ ಆ ಅಂಗಡಿಯ ಹೊರಗೆ, ಕಸದ ಡಬ್ಬಿಯ ಪಕ್ಕ ಬಿದ್ದಿದ್ದ ಖಾಲಿ ಚೀಲದ ಫೋಟೊ ತೆಗೆದು ಕಳಿಸಿದೆ.